ಕೇಳಿ, ಹೇಳ್ತೀನಿ: ಹೊಸ್ತಿಲೊಳಗಿನ ವಿಷ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಬೆರಕೆಯ ಬಗ್ಗೆಯೇ ಇವೆ. ಹಾಲಿನಲ್ಲಿ ಯೂರಿಯಾ, ಅಕ್ಕಿಯಲ್ಲಿ ಪ್ಲಾಸ್ಟಿಕ್, ಮೊಟ್ಟೆಯಲ್ಲಿ ರಬ್ಬರ್. ಸರ್ಕಾರಿ ಆಹಾರ ಪ್ರಯೋಗಾಲಯದಲ್ಲಿ ವಿಶ್ಲೇಷಕಿಯಾಗಿದ್ದು ನಿವೃತ್ತಿಯಾದವಳು ನಾನು. ಈಗ ವಿಜಯಪುರದಲ್ಲಿ ಮನೆ. ‘ಪ್ಲಾಸ್ಟಿಕ್ ಅಕ್ಕಿ’ ಅಂತ ನಮ್ಮ ಮೇಜಿಗೆ ಬಂದದ್ದೆಲ್ಲ ಅಕ್ಕಿಯೇ ಆಗಿತ್ತು. ರೇಷನ್ ಅಕ್ಕಿಯಲ್ಲಿ ಕಬ್ಬಿಣದಂಶ, ವಿಟಮಿನ್ ಸೇರಿಸಿ ಮಾಡಿದ ಸಾರವರ್ಧಿತ ಕಾಳುಗಳಿರಬಹುದು. ಅವು ನೀರಲ್ಲಿ ತೇಲಿದರೆ ಜನ ಪ್ಲಾಸ್ಟಿಕ್ ಅಂತಾರೆ. ಆರಿಸಿ ಬಿಸಾಡಬೇಡಿ, ಅದು ನಿಮಗಾಗಿಯೇ ಹಾಕಿದ್ದು.

ಯಾರೋ ಅಂಗಡಿಯವ ಏನೋ ಬೆರೆಸಿದ ಅನ್ನೋ ಗುಮಾನಿ ನಮಗೆ ಸದಾ ಇರುತ್ತದೆ. ನಮ್ಮ ಪಡಸಾಲೆಯ ಮೂಲೆಯಲ್ಲಿ ತಾನಾಗಿ ಬೆಳೆಯುವ ವಿಷ, ನಾವೇ ತಂದಿಟ್ಟ ವಿಷ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಅಂಥ ಪತ್ರಗಳನ್ನು ಹೆಚ್ಚಾಗಿ ಆರಿಸಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ.

ಹೊಲದ ಶೇಂಗಾ ಮನೆಯಲ್ಲೇ ಒಡೆಸಿ ಇಟ್ಟಿದ್ದೇವೆ. ಕೆಲವು ಕಾಳು ಕಹಿ, ಕೆಲವಕ್ಕೆ ಹಸಿರು ಬೂಷ್ಟು. ಹುರಿದು ಚಟ್ನಿ ಪುಡಿ ಮಾಡಿದರೆ ನಡೆಯುತ್ತದೆಯೇ? ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ ಮಗ ಹೆದರಿಸುತ್ತಾನೆ. — ಗೃಹಿಣಿ, ಇಂಡಿ ತಾಲ್ಲೂಕು

ಮಗ ಸುಮ್ನೆ ಹೆದರಿಸುತ್ತಿಲ್ಲ. ಶೇಂಗಾ, ಗೋವಿನಜೋಳ, ಒಣಮೆಣಸಿನಕಾಯಿ, ಕೊಬ್ಬರಿ, ಇವುಗಳ ಮೇಲೆ ‘ಆಸ್ಪರ್ಜಿಲಸ್ ಫ್ಲೇವಸ್’ ಅನ್ನೋ ಬೂಷ್ಟು ಬೆಳೆಯುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮೊದಲ ಗುಂಪಿನಲ್ಲಿ ಇಟ್ಟಿದೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ಹೊಡೆತ ಬೀಳುವುದು ಲಿವರ್‌ಗೆ.

ಇದು ಗೊತ್ತಾಗಿದ್ದೂ ಶೇಂಗಾದಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ–ಗುಜರಾತ್ ಗಡಿಯ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ತೊಯ್ದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆ ಬಂದು ಸತ್ತರು. ಅಲ್ಲಿ ಯಾವ ವ್ಯಾಪಾರಿಯೂ ಏನೂ ಬೆರೆಸಿರಲಿಲ್ಲ. ಅವರದೇ ಹೊಲ, ಅವರದೇ ಕಾಳು.

ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಕುದಿಸಿದರೂ ಅದೇ ಕತೆ. ಹಾಗಾಗಿ ಮಾಡಬೇಕಾದ ಕೆಲಸ ಒಲೆಯ ಮೇಲಲ್ಲ, ಮೊರದಲ್ಲಿ.

ಹೇಗೆ ಅಂತ ಹೇಳುತ್ತೇನೆ. ಕಾಳನ್ನು ಮೊರದಲ್ಲಿ ತೆಳುವಾಗಿ ಹರವಿ. ಟ್ಯೂಬ್‌ಲೈಟ್ ಬೇಡ, ಬೆಳಗಿನ ಬಿಸಿಲಿಗೆ ಕೂತುಕೊಳ್ಳಿ. ಒಳ್ಳೆಯ ಕಾಳಿನ ಸಿಪ್ಪೆ ಬಿಗಿಯಾಗಿ, ಒಂದೇ ಬಣ್ಣವಾಗಿ ಇರುತ್ತದೆ. ಕೆಟ್ಟದ್ದು ಸಣ್ಣದು, ಸುಕ್ಕು, ಸಿಪ್ಪೆ ಮಬ್ಬಾಗಿ ಕಂದು ತಿರುಗಿರುತ್ತದೆ. ಅನುಮಾನ ಬಂದ ಒಂದೆರಡನ್ನು ಉಗುರಿನಿಂದ ಸೀಳಿ ನೋಡಿ. ಎರಡು ಬೇಳೆಗಳ ನಡುವೆ ಒಂದು ಸಣ್ಣ ಗುಳಿ ಇರುತ್ತದಲ್ಲ, ಮೊಳಕೆ ಕೂತಿರುವ ಜಾಗ, ಅಲ್ಲಿ ಹಳದಿ–ಹಸಿರು ಪುಡಿ ಕೂತಿರುತ್ತದೆ. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಇಂಥವು, ಸುಕ್ಕಾದವು, ಹುಳ ಕೊರೆದವು, ಒಡೆದು ಬಣ್ಣಗೆಟ್ಟವು ಎಲ್ಲ ತೆಗೆಯಿರಿ. ಒಂದು ಚೀಲದಲ್ಲಿ ವಿಷ ಎಲ್ಲ ಕಾಳಿಗೂ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಬಹಳ ಇರುತ್ತದೆ. ಅದಕ್ಕೇ ಕೈಯಿಂದ ಆರಿಸುವುದು ಇಷ್ಟು ಕೆಲಸ ಮಾಡುತ್ತದೆ. ದೊಡ್ಡ ಕಾರ್ಖಾನೆಗಳೂ ಯಂತ್ರ ಇಟ್ಟುಕೊಂಡು ಮಾಡುವುದು ಇದನ್ನೇ. ಬಾಯಿಗೆ ಕಹಿ ಸಿಕ್ಕರೆ ನುಂಗಬೇಡಿ, ಉಗುಳಿ. ಅತ್ತೆ ಎದುರಿಗಿದ್ದರೂ ಉಗುಳಿ.

ಕಣ್ಣಿಗೆ ಕಾಣದ ವಿಷವೂ ಇರಬಹುದು ಅನ್ನೋದು ನಿಜ. ಪ್ರಯೋಗಾಲಯದಲ್ಲಿ ಸಾರ ತೆಗೆದು ನೇರಳಾತೀತ ದೀಪದ ಕೆಳಗಿಟ್ಟರೆ ಒಂದು ಬಗೆಯದು ನೀಲಿ, ಇನ್ನೊಂದು ಬಗೆಯದು ಹಸಿರು ಹೊಳೆಯುತ್ತದೆ. ನೋಡೋಕೆ ಬಹಳ ಚಂದ, ಏನ್ ಮಾಡೋದು. ಕಾನೂನಿನ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ನೇರವಾಗಿ ತಿನ್ನುವ ಶೇಂಗಾಕ್ಕೆ 10. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಹತ್ತು ಹದಿನೈದು ಪಾಲು, ಅಷ್ಟು ಕಡಿಮೆ.

ಮುಂದಿನ ಸುಗ್ಗಿಗೆ ಮೂರು ಮಾತು ನೆನಪಿಡಿ. ಬೆಳೆ ಕೊನೆಗೆ ಬರುವಾಗ ಮಳೆ ಕೈಕೊಟ್ಟು ನೆಲ ಕಾದರೆ ಬೂಷ್ಟು ಹೊಲದಲ್ಲೇ ಕಾಯಿಯೊಳಗೆ ಸೇರುತ್ತದೆ. ಸಾಧ್ಯವಿದ್ದರೆ ಆಗ ಒಂದು ನೀರು ಕೊಡಿ. ಕಿತ್ತ ಮೇಲೆ ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಿ. ಮತ್ತೆ, ಯಂತ್ರಕ್ಕೆ ಹಾಕುವ ಮೊದಲು ಕಾಳು ಒಡೆಯಬಾರದು ಅಂತ ಕಾಯಿಗೆ ನೀರು ಚಿಮುಕಿಸುವ ಪದ್ಧತಿ ಇದೆಯಲ್ಲ, ಅದು ಬೇಡ. ಇಡೀ ತಿಂಗಳು ಒಣಗಿಸಿದ್ದು ಆ ಒಂದು ಬಕೆಟ್ ನೀರಿಗೆ ಹಾಳು.

ಗಾಣಕ್ಕೆ ಹಾಕುವುದಿದ್ದರೂ ಆರಿಸಿದ ಕಾಳೇ ಹಾಕಿ. ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಎಣ್ಣೆಗೂ ಬರುತ್ತದೆ. ರಿಫೈನ್ಡ್ ಎಣ್ಣೆಯಲ್ಲಿ ಶುದ್ಧಿ ಮಾಡುವಾಗ ಅದು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಹೋಗುವುದಿಲ್ಲ. ಗಾಣದ್ದು ಅಂದಮಾತ್ರಕ್ಕೆ ಅಮೃತ ಅಲ್ಲ. ಕೆಟ್ಟ ಕಾಳು ಹಾಕಿದರೆ ಕೆಟ್ಟ ಎಣ್ಣೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಹೆಪಟೈಟಿಸ್ ಬಿ ಸೋಂಕು ಇದ್ದವರಿಗೆ ಈ ವಿಷದ ಅಪಾಯ ಹಲವು ಪಟ್ಟು ಜಾಸ್ತಿ. ಮಗು ಹುಟ್ಟಿದ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುವ ಲಸಿಕೆ ಇದೆ. ಮೊಮ್ಮಕ್ಕಳಿಗೆ ಅದು ತಪ್ಪದ ಹಾಗೆ ನೋಡಿಕೊಳ್ಳಿ.

ಆರಿಸಿ ತೆಗೆದ ಕಾಳನ್ನು ಎಮ್ಮೆಗೆ ಹಾಕಬೇಡಿ. ಯಾಕೆ ಅಂತ ಮುಂದಿನ ಪತ್ರದಲ್ಲಿದೆ.

ಪ್ಯಾಕೆಟ್ ಹಾಲಿನಲ್ಲಿ ಯೂರಿಯಾ, ಡಿಟರ್ಜೆಂಟ್ ಇರುತ್ತದಂತೆ. ಹಳ್ಳಿಯಿಂದ ನೇರ ತರಿಸುವ ಹಾಲೇ ಒಳ್ಳೆಯದಲ್ವಾ? — ನಿವೃತ್ತ ನೌಕರರು, ಬೆಳಗಾವಿ

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ತುಂಬ ಹಾಲಿನ ಸಮೀಕ್ಷೆ ಮಾಡಿಸಿತು. 6,432 ಮಾದರಿ. ಆರೋಗ್ಯಕ್ಕೆ ಅಪಾಯವಾಗುವ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ಮಿತಿ ಮೀರಿ ಅಫ್ಲಾಟಾಕ್ಸಿನ್ ಸಿಕ್ಕಿದ್ದು 368ರಲ್ಲಿ. ವಾಟ್ಸಾಪ್‌ನಲ್ಲಿ ಈಗಲೂ ಓಡಾಡುವುದು ಯೂರಿಯಾದ ಸುದ್ದಿ.

ಬೂಷ್ಟು ಹಿಡಿದ ಹಿಂಡಿ, ಗೋವಿನಜೋಳ ತಿಂದ ಆಕಳು–ಎಮ್ಮೆಯ ಲಿವರ್‌ನಲ್ಲಿ ವಿಷ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಅದಕ್ಕೆ ಎಂ-1 ಅನ್ನುತ್ತಾರೆ. ಮಿತಿ ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ. ಕಾಯಿಸಿದರೆ ಹೋಗುವುದಿಲ್ಲ. ಪ್ಯಾಕೆಟ್ಟೋ ಹಳ್ಳಿಯದೋ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಎಮ್ಮೆ ಏನು ತಿಂದಿದೆ ಅನ್ನೋದು ಪ್ರಶ್ನೆ. ಹಳ್ಳಿಯಿಂದ ತರಿಸುವ ನಿಮಗೆ ಒಂದು ಅನುಕೂಲವಿದೆ: ಹೋಗಿ ಕೊಟ್ಟಿಗೆಯಲ್ಲಿ ಹಿಂಡಿ ಚೀಲ ಎಲ್ಲಿಟ್ಟಿದ್ದಾರೆ ಅಂತ ನೋಡಬಹುದು. ನೆಲದ ಮೇಲೆ, ಗೋಡೆಗೆ ತಾಗಿಸಿ, ಸೋರುವ ಪತ್ರಾಸ್ ಕೆಳಗೆ ಇಟ್ಟಿದ್ದರೆ ಹಲಗೆಯ ಮೇಲಿಡಲು ಹೇಳಿ. ಹಾಲು ಬಿಡಬೇಡಿ, ಅದರಿಂದ ನಷ್ಟ ಜಾಸ್ತಿ.

ಮುಂಗಾರಿ ಜೋಳ ಕಟಾವಿಗೆ ಬಂದಾಗ ಮಳೆ ಹಿಡಿಯಿತು. ಕಾಳು ಕರ್ರಗಾಗಿದೆ. ತೊಳೆದು ಒಣಗಿಸಿ ರೊಟ್ಟಿ ಮಾಡಬಹುದೇ? — ರೈತ, ಹುನಗುಂದ

ಬೇಡ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಇದೇ ಆಯಿತು. ಮಳೆಗೆ ಸಿಕ್ಕ ಜೋಳ, ಗೋವಿನಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರೆ ಕಾಳಿನಲ್ಲಿ ಫ್ಯುಮೋನಿಸಿನ್ ಅನ್ನೋ ಬೂಷ್ಟಿನ ವಿಷ. ಆ ಕಾಳು ಬಿಟ್ಟ ಮೇಲೆ ಜನ ಚೇತರಿಸಿಕೊಂಡರು.

ನಮ್ಮ ಹಿರಿಯರು ಊಟಕ್ಕೆ ಹಿಂಗಾರಿ ಬಿಳಿಜೋಳವನ್ನೇ ಇಟ್ಟುಕೊಳ್ಳುತ್ತಿದ್ದರು. ರುಚಿ ಒಂದೇ ಕಾರಣ ಅಲ್ಲ. ಹಿಂಗಾರಿ ತೆನೆ ಬಲಿಯುವುದು ಒಣ ಚಳಿಯಲ್ಲಿ, ಹಾಗಾಗಿ ಬೂಷ್ಟಿನ ಕಾಟ ಕಡಿಮೆ. ಕರ್ರಗಾದ ಕಾಳು ಮಾರುವುದಿದ್ದರೆ ಊಟಕ್ಕಲ್ಲ ಅಂತ ಹೇಳಿ ಮಾರಿ. ಕೋಳಿ, ದನಕ್ಕೂ ಪೂರ್ತಿ ಅದನ್ನೇ ಹಾಕಬೇಡಿ.

ಸಜ್ಜೆಯ ಬಗ್ಗೆ ಬಾದಾಮಿಯಿಂದಲೂ ಒಂದು ಪತ್ರ ಬಂದಿದೆ. ತೆನೆಯಲ್ಲಿ ಕಾಳಿನ ಬದಲು ಕರಿಯ, ಉದ್ದನೆಯ ಕೊಂಬಿನಂಥದ್ದು ಬೆಳೆದಿದ್ದರೆ ಅದು ಎರ್ಗಟ್ ಅನ್ನೋ ಬೂಷ್ಟು. ವಾಂತಿ, ತಲೆಸುತ್ತು ತರುತ್ತದೆ. ಗಟ್ಟಿ ಉಪ್ಪುನೀರಿಗೆ ಸಜ್ಜೆ ಸುರಿದರೆ ಕಾಳು ತಳಕ್ಕೆ ಹೋಗುತ್ತದೆ, ಎರ್ಗಟ್ ತೇಲುತ್ತದೆ. ತೇಲಿದ್ದನ್ನು ತೆಗೆದು, ಕಾಳನ್ನು ಒಳ್ಳೆಯ ನೀರಲ್ಲಿ ತೊಳೆದು, ಒಣಗಿಸಿ ಬೀಸಿ.

ನುಶಿ ಹತ್ತಬಾರದು ಅಂತ ಜೋಳದ ಚೀಲದಲ್ಲಿ ಗುಳಿಗೆ ಇಡುತ್ತೇವೆ. ಮನೆ ಸಣ್ಣದು, ಚೀಲ ಇರುವ ಕೋಣೆಯಲ್ಲೇ ಮಕ್ಕಳು ಮಲಗುತ್ತಾರೆ. ತೊಂದರೆ ಇಲ್ಲ ತಾನೆ? — ಸಿಂದಗಿ

ಈ ಪತ್ರ ಓದಿದ ಕೂಡಲೇ ಸಂಪಾದಕರಿಗೆ ಫೋನ್ ಮಾಡಿ ನಿಮ್ಮ ನಂಬರ್ ಹುಡುಕಿಸಿದೆ. ಮಾತಾಡಿಯೂ ಆಯಿತು. ಆದರೂ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನಿಮ್ಮೊಬ್ಬರ ಮನೆಯ ಮಾತಲ್ಲ.

ಆ ಗುಳಿಗೆ ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯಲ್ಲಿನ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂನ ಒಂದು ಗುಳಿಗೆಯಿಂದ 1 ಗ್ರಾಂ ಅನಿಲ. ಚೀಲ ಗೋಣಿಯದಾದರೂ ಪ್ಲಾಸ್ಟಿಕ್‌ದಾದರೂ ಅದನ್ನು ತಡೆಯುವುದಿಲ್ಲ. ಬಾಗಿಲ ಸಂದಿ, ಗೋಡೆಯ ಬಿರುಕಿನಿಂದ ಪಕ್ಕದ ಕೋಣೆಗೂ ಹೋಗುತ್ತದೆ. ಗಾಳಿಗಿಂತ ಸ್ವಲ್ಪ ಭಾರ, ನೆಲದ ಹತ್ತಿರ ಮಲಗಿದ ಮಕ್ಕಳಿಗೆ ಮೊದಲು ತಾಗುತ್ತದೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬರಬಹುದು. ವಾಸನೆ ಇಲ್ಲ ಅಂತ ಧೈರ್ಯ ಮಾಡುವ ಹಾಗೂ ಇಲ್ಲ. ಇದಕ್ಕೆ ನಿರ್ದಿಷ್ಟ ಪ್ರತಿವಿಷವೂ ಇಲ್ಲ.

ಕಾನೂನು ಏನು ಹೇಳುತ್ತದೆ? ಇದನ್ನು ಬಳಸಬೇಕಾದವರು ಸರ್ಕಾರಿ ಉಗ್ರಾಣದವರು ಮತ್ತು ತಜ್ಞರ ನಿಗಾದಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಕರು ಮಾತ್ರ. 10 ಮತ್ತು 20 ಗುಳಿಗೆಯ ಕೊಳವೆ ಪ್ಯಾಕುಗಳನ್ನು 2001ರಲ್ಲೇ ಪೂರ್ತಿ ನಿಷೇಧಿಸಿದ್ದಾರೆ. ಸಂತೆಯ ದಿನ ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ, ಕಾಗದದಲ್ಲಿ ಕಟ್ಟಿ ಕೊಡುವುದನ್ನು ನಾನೇ ನೋಡಿದ್ದೇನೆ. ಈ ಪೂರ್ತಿ ಅಂಕಣದಲ್ಲಿ ಸರ್ಕಾರದ ಮೇಲೆ ನನಗೆ ನಿಜವಾಗಿ ಸಿಟ್ಟು ಬರುವುದು ಇದೊಂದಕ್ಕೆ. ಗೋಬಿ ಮಂಚೂರಿಯ ಬಣ್ಣ ಹಿಡಿಯಲು ದಾಳಿ ಮಾಡುತ್ತಾರೆ, ಒಳ್ಳೆಯದೇ. ಅದೇ ಜೀಪು ಗುಳಿಗೆ ಮಾರುವ ಅಂಗಡಿಯ ಮುಂದೆಯೂ ಒಂದು ಸಲ ನಿಲ್ಲಲಿ.

ಈಗ ಚೀಲದಲ್ಲಿ ಗುಳಿಗೆ ಇದ್ದರೆ: ಎಲ್ಲರೂ ಹೊರಗೆ ಬನ್ನಿ, ಕಿಟಕಿ ಬಾಗಿಲು ತೆಗೆದಿಡಿ, ಆ ಮನೆಯಲ್ಲಿ ಮಲಗಬೇಡಿ. ಗುಳಿಗೆ ಮೇಲೆ ನೀರು ಹಾಕಬೇಡಿ, ಹಾಕಿದರೆ ಅನಿಲ ಒಮ್ಮೆಲೇ ಬರುತ್ತದೆ. ಯಾರಿಗಾದರೂ ವಾಂತಿ, ಎದೆ ಬಿಗಿತ, ಉಸಿರುಗಟ್ಟುವುದು, ವಿಪರೀತ ಸುಸ್ತು ಇದ್ದರೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ, “ಕಾಳಿನ ಗುಳಿಗೆ ಇಟ್ಟಿದ್ದೆವು” ಅಂತ ಮೊದಲ ಮಾತಿಗೇ ಹೇಳಿ. ಹೇಳದಿದ್ದರೆ ವೈದ್ಯರು ಆಹಾರ ಕೆಟ್ಟು ವಾಂತಿ ಅಂದುಕೊಳ್ಳಬಹುದು.

ಬದಲಿಗೆ ಏನು? ಮೊದಲು ಕಾಳನ್ನು ಚೆನ್ನಾಗಿ ಒಣಗಿಸಿ, ಹಲ್ಲಿನಲ್ಲಿ ಕಡಿದರೆ ಟಕ್ ಅನ್ನಬೇಕು. ಕಾಳಿನ ತೇವ ನೂರಕ್ಕೆ 12ಕ್ಕಿಂತ ಕಡಿಮೆ ಇದ್ದರೆ ಬೂಷ್ಟು ಬೆಳೆಯುವುದಿಲ್ಲ, ನುಶಿಯ ಕಾಟವೂ ಕಡಿಮೆ. ಅಷ್ಟಕ್ಕೂ ಸಮಾಧಾನ ಇಲ್ಲದಿದ್ದರೆ ಒಳಗೆ ಎರಡು ಪದರ ದಪ್ಪ ಪ್ಲಾಸ್ಟಿಕ್ ಇರುವ ಗಾಳಿಯಾಡದ ಚೀಲಗಳು ಬಂದಿವೆ. ಬಾಯಿ ಬಿಗಿಯಾಗಿ ಕಟ್ಟಿದರೆ ಒಳಗಿನ ಆಮ್ಲಜನಕ ಮುಗಿದು ನುಶಿ ತಾನೇ ಸಾಯುತ್ತದೆ. ಬೇವಿನ ಸೊಪ್ಪು, ಬೂದಿಯೂ ಸ್ವಲ್ಪ ಮಟ್ಟಿಗೆ ಸಹಾಯ. ಸ್ವಲ್ಪ ಮಟ್ಟಿಗೆ ಅಂದೆ, ಪವಾಡ ಅಲ್ಲ.

ಅಜ್ಜನ ಕಾಲದ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇದೆ. ತೆಗೆದು ನೋಡೋಣ ಅಂತಿದ್ದೇವೆ. — ಮುದ್ದೇಬಿಹಾಳ

ತೆಗೆಯಿರಿ, ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಕಾಳು, ಬೂಷ್ಟು, ಹುಳ ಎಲ್ಲ ಸೇರಿ ಆಮ್ಲಜನಕ ಮುಗಿಸಿರುತ್ತವೆ. ಉಳಿದಿರುವುದು ಇಂಗಾಲದ ಡೈಆಕ್ಸೈಡ್. ಇಳಿದವನು ಎರಡು ಉಸಿರಿಗೆ ಕುಸಿಯುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ಅವನ ಹಿಂದೆ ಇನ್ನೊಬ್ಬ. ಇಂಥ ಸಾವುಗಳು ಯಾವಾಗಲೂ ಜೋಡಿಯಾಗಿ ಬರುವುದು ಇದಕ್ಕೇ. ಹಿರಿಯರು ದಿನಗಟ್ಟಲೆ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ ಅನ್ನೋದು ಖಚಿತ. ಆರದಿದ್ದರೆ ಕ್ಷೇಮ ಅನ್ನೋದು ಖಚಿತ ಅಲ್ಲ. ಗುಳಿಗೆ ಹಾಕಿದ ಹಗೇವಾದರೆ ದೀಪವೇ ಬೇಡ, ಫಾಸ್ಫೀನ್ ಹೊತ್ತಿಕೊಳ್ಳುವ ಅನಿಲ. ಅಗ್ನಿಶಾಮಕದವರನ್ನು ಕರೆಯಿರಿ.

ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಡಬೇಕು ಅಂತ ಮನೆಯ ಹಿರಿಯರು. ಅಳಿಯ ಬೇಡ ಅಂತಾನೆ. ಯಾರ ಮಾತು ಕೇಳಲಿ? — ತಾಯಿ, ಗುಳೇದಗುಡ್ಡ

ಅಳಿಯನ ಮಾತು. ಇಂಥ ಅಳಿಯ ಸಿಕ್ಕಿದ್ದಕ್ಕೆ ಒಂದು ಹೋಳಿಗೆ ಜಾಸ್ತಿ ಬಡಿಸಿ.

ಹಿರಿಯರ ಪದ್ಧತಿ ಸುಳ್ಳಲ್ಲ, ಆದರೆ ಅವರಿದ್ದ ಮನೆ ಬೇರೆ. ಮಾಳಿಗೆ ಮನೆಯ ಮೇಲೆ ಬೆಳಕಿಂಡಿ ಇರುತ್ತಿತ್ತು. ಹೊಗೆ, ಬಿಸಿ ಎಲ್ಲ ಮೇಲಕ್ಕೆ ಹೋಗುತ್ತಿತ್ತು. ಮರದ ಬಾಗಿಲಿಗೆ ಬೆರಳು ತೂರುವಷ್ಟು ಸಂದಿ. ಈಗ ಆರ್‌ಸಿಸಿ ಮನೆ, ಅಲ್ಯುಮಿನಿಯಂ ಕಿಟಕಿ, ಸಂದಿಗೆ ರಬ್ಬರ್. ಅದೇ ಕೆಂಡ ಈ ಕೋಣೆಯಲ್ಲಿ ಕೊಲ್ಲುತ್ತದೆ.

ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಹೊಗೆ ಬರದ, ಕೆಂಪಗೆ ನಿಗಿನಿಗಿ ಉರಿಯುವ ಕೆಂಡವನ್ನೇ ಜನ ಒಳ್ಳೆಯದು ಅಂದುಕೊಳ್ಳುತ್ತಾರೆ. ಹೊಗೆ ಇದ್ದರೆ ಕೆಮ್ಮಿ ಎದ್ದು ಹೊರಗಾದರೂ ಬರುತ್ತೀರಿ. ಕೆಂಡದ ಹತ್ತಿರ ತಲೆನೋವು ಬರುತ್ತದೆ, ಮಂಪರು ಬರುತ್ತದೆ, ಬಾಣಂತಿ ಆಯಾಸ ಅಂತ ಮಲಗಿಬಿಡುತ್ತೀರಿ. ಕೂಸು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತದೆ, ಅದಕ್ಕೆ ಮೊದಲು ಏರುತ್ತದೆ.

ಕೂಸಿಗೆ ಬೆಚ್ಚಗೆ ಬೇಕು, ಅದು ನಿಜ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸಿ, ಮೇಲೆ ಕೌದಿ ಹೊದಿಸಿ, ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ. ಕಡಿಮೆ ತೂಕದ ಕೂಸುಗಳನ್ನು ಆಸ್ಪತ್ರೆಯಲ್ಲಿ ಉಳಿಸುವುದೂ ಹೀಗೇ. ಹಿರಿಯರಿಗೆ ಬೇಸರವಾಗದಿರಲಿ ಅಂದರೆ ಕೆಂಡದಲ್ಲಿ ನೀರು ಕಾಯಿಸಿ, ಅಂಗಳದಲ್ಲಿ. ಎರೆಯಲು ಆ ನೀರು ತನ್ನಿ.

ಲೋಬಾನ? ಬಾಗಿಲು ತೆಗೆದು, ಕೂಸು ಬೇರೆ ಕೋಣೆಯಲ್ಲಿದ್ದಾಗ, ವಾಸನೆಗೆ ಒಂದು ಚಿಟಿಕೆ. ಸೊಳ್ಳೆ ಕಾಯಿಲ್ ಮಾತ್ರ ಬೇಡವೇ ಬೇಡ. ಒಂದು ಕಾಯಿಲ್ ಪೂರ್ತಿ ಉರಿದರೆ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಗಂಡ ಬೀಡಿ ಸೇದಿದರೆ ಹೊರಗೆ ಕಳಿಸುವವರು ಕಾಯಿಲ್ ಹಚ್ಚಿ ಕೂಸಿನ ತಲೆದೆಸೆಯಲ್ಲಿ ಇಡುತ್ತಾರೆ! ಸೊಳ್ಳೆಪರದೆ ಕಟ್ಟಿ.

ಹಾಗೇ, ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಹೊರಗಿನ ಗೋಡೆಗೆ ಸಾಗಿಸಿ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತವರು ಬಿದ್ದು ಸಾಯುವುದು ಇದೇ ಕಾರ್ಬನ್ ಮೊನಾಕ್ಸೈಡ್‌ನಿಂದ.

ಗ್ಯಾಸ್ ಇದೆ. ಆದರೂ ರೊಟ್ಟಿಗೆ, ನೀರಿಗೆ ಹತ್ತಿಕಟ್ಟಿಗೆ, ಕುಳ್ಳು ಉರಿಸುತ್ತೇವೆ. ಹೊಗೆಗೆ ಸರ್ಕಾರದ ನಿಯಮ ಏನಾದರೂ ಇದೆಯೇ? — ಬಬಲೇಶ್ವರ

ರಸ್ತೆಯ ಗಾಳಿಗೆ ಇದೆ. ಪಿಎಂ 2.5 ಅನ್ನೋ ಸಣ್ಣ ಕಣ ದಿನದ ಸರಾಸರಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಅಂದಿದೆ. ನಿಮ್ಮ ಅಡುಗೆಮನೆಯ ಗಾಳಿಗೆ ಅಂತ ಕಡ್ಡಾಯದ ಅಳತೆ ನಮ್ಮಲ್ಲಿಲ್ಲ. ಒಲೆ ಉರಿಯುವಾಗ ಅಲ್ಲಿ ನೂರಾರು ಇರುತ್ತದೆ. ಸರ್ಕಾರ ಮಾಡಿದ್ದು ಒಂದೇ ದಾರಿ, ಒಲೆ ಬದಲಿಸುವುದು. 2016ರಲ್ಲಿ ಉಜ್ವಲಾ ಬಂತು, ಸಿಲಿಂಡರ್ ಬಂತು. ತುಂಬಿಸಲು ದುಡ್ಡು ಬೇಕಲ್ಲ, ಅಲ್ಲಿಗೆ ಮತ್ತೆ ಹತ್ತಿಕಟ್ಟಿಗೆ.

ರೊಟ್ಟಿ ಕಟ್ಟಿಗೆ ಒಲೆಯಲ್ಲೇ ಚೆನ್ನಾಗಿ ಉಬ್ಬುತ್ತದೆ ಅಂತೀರಿ, ನಾನು ವಾದಿಸುವುದಿಲ್ಲ. ಒಲೆಯನ್ನು ಹಿತ್ತಲಿಗೆ ಸಾಗಿಸಿ. ಹಸಿ ಕಟ್ಟಿಗೆ ಬೇಡ. ಪ್ಲಾಸ್ಟಿಕ್ ಚೀಲ, ಸೈಕಲ್ ಟೈರ್ ಹಾಕಿ ಹೊತ್ತಿಸಬೇಡಿ. ಹತ್ತಿಕಟ್ಟಿಗೆಗೆ ಔಷಧಿ ಹೊಡೆದಿರುತ್ತೀರಿ ಅನ್ನೋದೂ ನೆನಪಿರಲಿ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಒಲೆ ಮುಂದೆ ಕೂರಬೇಡಿ.

ಅರಿಷಿಣ ಪುಡಿಗಿಂತ ಕೊಂಬು ತಂದು ಬೀಸಿಸುವುದು ಒಳ್ಳೆಯದು ಅಲ್ವಾ? — ಅಥಣಿ

ನಿಮ್ಮ ಕಡೆ ಅರಿಷಿಣ ಬೆಳೆಯುತ್ತಾರೆ, ಪಾಲಿಶ್ ಮಾಡುವ ಡ್ರಮ್ ನೋಡಿರುತ್ತೀರಿ. ಕೆಲವು ಕಡೆ ಕೊಂಬು ಹೊಳೆಯಲಿ ಅಂತ ಆ ಹಂತದಲ್ಲೇ ಲೆಡ್ ಕ್ರೋಮೇಟ್ ಅನ್ನೋ, ಸೀಸ ಇರುವ ಹಳದಿ ಬಣ್ಣ ಬಳಿಯುವುದುಂಟು. ಹಾಗಾಗಿ ಕೊಂಬು ಅಂದಮಾತ್ರಕ್ಕೆ ನಂಬಬೇಡಿ. ಒಂದು ಗ್ಲಾಸ್ ನೀರಿಗೆ ಕೊಂಬು ಹಾಕಿ ಬಿಡಿ. ನೀರಿಗೆ ಹಳದಿ ಇಳಿದರೆ ವಾಪಸ್ ಕೊಡಿ. ಮಂಕಾಗಿ, ಮಣ್ಣು ಮಣ್ಣಾಗಿ ಕಾಣುವ ಕೊಂಬೇ ಒಳ್ಳೆಯದು.

ಸೀಸ ಮಕ್ಕಳ ಮಿದುಳಿಗೆ ಹೋಗುತ್ತದೆ, ಹೋದದ್ದು ವಾಪಸ್ ಸರಿಯಾಗುವುದಿಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಇದು ಬಯಲಾಯಿತು. ಅಲ್ಲಿನ ಸರ್ಕಾರ ಸಗಟು ಮಾರುಕಟ್ಟೆಗೇ ನುಗ್ಗಿ ದಂಡ ಹಾಕಿತು, ಊರೂರಲ್ಲಿ ನೋಟಿಸ್ ಅಂಟಿಸಿತು. ಎರಡೇ ವರ್ಷದಲ್ಲಿ ಬಣ್ಣದ ಅರಿಷಿಣ ಮಾರುಕಟ್ಟೆಯಿಂದ ಮಾಯ. ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದಕ್ಕೆ ಇದನ್ನು ಯಾವಾಗಲೂ ಹೇಳುತ್ತಿರುತ್ತೇನೆ. ಮನೆಯಲ್ಲಿ ಹಳೆಯ ಬಾಗಿಲು–ಕಿಟಕಿ ಕೆರೆದು ಬಣ್ಣ ಹಚ್ಚುವವರಿಗೂ ಒಂದು ಮಾತು: ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನೋ ನಿಯಮ 2017ರ ನವೆಂಬರ್‌ನಲ್ಲಿ ಜಾರಿಗೆ ಬಂದದ್ದು. ಅದಕ್ಕೂ ಹಿಂದಿನ ಬಣ್ಣವಾದರೆ ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿ ಕೆರೆಯಿರಿ. ಮಕ್ಕಳು ಆ ದಿನ ಅಜ್ಜಿ ಮನೆಯಲ್ಲಿರಲಿ.

ಚಿನ್ನದ ಬಣ್ಣದ ಒಣದ್ರಾಕ್ಷಿ ತಿಂದರೆ ನನಗೆ ಉಬ್ಬಸ ಬರುತ್ತದೆ. ಕರಿಯದು ತಿಂದರೆ ಇಲ್ಲ. — ವಿಜಯಪುರ

ಬಂಗಾರದ ಬಣ್ಣ ಉಳಿಯಲು ಗಂಧಕದ ಹೊಗೆ ಕೊಡುತ್ತಾರೆ. ಅದರಿಂದ ಹಣ್ಣಿನಲ್ಲಿ ಉಳಿಯುವ ಸಲ್ಫೈಟ್ ಅನ್ನೋ ಅಂಶ ಎಲ್ಲರಿಗೂ ಏನೂ ಮಾಡುವುದಿಲ್ಲ, ಉಬ್ಬಸ ಇರುವ ಕೆಲವರಿಗೆ ಮಾಡುತ್ತದೆ. ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಪ್ಯಾಕಿನ ಮೇಲೆ ಬರೆಯಲೇಬೇಕು. ಬಿಡಿ ಮಾಲಿಗೆ ಚೀಟಿ ಎಲ್ಲಿಂದ? ನಮ್ಮೂರಿನ ಕಂದು ದ್ರಾಕ್ಷಿ ತಿನ್ನಿ. ನೋಡೋಕೆ ಅಷ್ಟಕ್ಕಷ್ಟೇ, ರುಚಿಗೆ ಏನೂ ಕಡಿಮೆ ಇಲ್ಲ.

ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅಂತಾರೆ. ಕುದಿಸಿ ಕುಡಿದರೆ ಸಾಕೇ? — ಇಳಕಲ್

ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡರೆ ನೀರು ಪರೀಕ್ಷೆ ಮಾಡಿಸಿ. ಶುದ್ಧ ನೀರಿನ ಘಟಕದ ನೀರು ಕುಡಿಯಲು, ಅಡುಗೆಗೆ ಎರಡಕ್ಕೂ ಬಳಸಿ. ಬೇಳೆ ಬೇಯಿಸಲು ಬೋರಿನ ನೀರು ಹಾಕಿದರೆ ಪ್ರಯೋಜನ ಅರ್ಧಕ್ಕೆ ನಿಂತಿತು.

ಅನುಮಾನ ಬಂದ ಪದಾರ್ಥವನ್ನು ನಾವೇ ಪರೀಕ್ಷೆಗೆ ಕೊಡಬಹುದೇ? — ವಿದ್ಯಾರ್ಥಿನಿ, ಜಮಖಂಡಿ

ಕೊಡಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಸೆಕ್ಷನ್ ಓದಿ. ಕೊಂಡವರು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪದಾರ್ಥ ನಿಯಮದ ಪ್ರಕಾರ ಇಲ್ಲ ಅಂತ ವರದಿ ಬಂದರೆ ಶುಲ್ಕ ವಾಪಸ್. ತಮಾಷೆ ಏನೆಂದರೆ, ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಬೇಕು. ಹೇಳಿದ ಮೇಲೆ ಅವನು ಯಾವ ಡಬ್ಬಿಯಿಂದ ತೆಗೆದು ಕೊಡುತ್ತಾನೋ ನೋಡಿಕೊಳ್ಳಿ.

ಅದೇ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಇನ್ನೊಂದು ಸಾಲಿದೆ: ರೈತರಿಗೆ, ಬೇಸಾಯಕ್ಕೆ, ಬೆಳೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ರೈತರ ಮೇಲೆ ಇನ್ಸ್‌ಪೆಕ್ಟರ್ ಬಿಡಬಾರದು ಅನ್ನೋದು ಸರಿ. ಆದರೆ ಅದರಿಂದ ಆಗಿದ್ದೇನು? ಪ್ಯಾಕೆಟ್ ಶೇಂಗಾಕ್ಕೆ ಮಿತಿ ಇದೆ, ನಮ್ಮ ಗುಮ್ಮಿಯ ಶೇಂಗಾ ನೋಡುವವರು ಯಾರೂ ಇಲ್ಲ. ದಂಡ ಬೇಡ, ಎಪಿಎಂಸಿಯಲ್ಲಿ ರೈತರಿಗೆ ಪುಕ್ಕಟೆ ತೇವ ಅಳೆದು ಕೊಡುವ ಒಂದು ಯಂತ್ರ, ಹೋಬಳಿಗೊಂದು ಒಣಗಿಸುವ ಕಟ್ಟೆ, ಬಾಡಿಗೆಗೆ ತಾಡಪತ್ರೆ. ಇಷ್ಟಕ್ಕೆ ಒತ್ತಾಯಿಸಿ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ. ನೀವು ವಿದ್ಯಾರ್ಥಿನಿ, ಅಕ್ಷರ ಚೆನ್ನಾಗಿದೆ.

ಗೋಬಿಗೆ ಕೆಂಪು ಬಣ್ಣ ನಿಷೇಧ ಆಗಿದೆ ಅಲ್ವಾ? ನಮ್ಮ ಕಾಲೇಜಿನ ಮುಂದೆ ಇನ್ನೂ ಕೆಂಪಗೇ ಇದೆ. — ಬಾಗಲಕೋಟೆ

ಆಗಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಬಳಸಬಾರದು ಅಂತ ಆದೇಶಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಬಣ್ಣ ಬೇಡ ಅಂದಿತು. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಕೆಂಪಿಗೆ ಬಟ್ಟೆ ಬಣ್ಣ ಯಾಕೆ ಬೇಕು ಅಂತ ನನಗೆ ಇವತ್ತಿಗೂ ತಿಳಿಯದು. ಬೆರಳಿಗೆ ಅಂಟಿ ಸೋಪಿಗೂ ಹೋಗದಿದ್ದರೆ ತಿನ್ನಬೇಡಿ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ.

ಪೇಪರ್‌ನಲ್ಲಿ ಕಟ್ಟಿಕೊಡುವ ಮಿರ್ಚಿ ಭಜಿ, ಗಿರ್ಮಿಟ್ ತಿನ್ನಬಹುದೇ? — ‘ಸಂಜೆಯ ಗಿರಾಕಿ’, ಬೆಳಗಾವಿ

ಮಿರ್ಚಿ ತಿನ್ನಿ, ಪೇಪರ್ ಬೇಡ. ಅಚ್ಚಿನ ಮಸಿ ಬಿಸಿ ಎಣ್ಣೆಗೆ ಇಳಿಯುತ್ತದೆ. ಆಹಾರಕ್ಕೆ ಸುದ್ದಿಪತ್ರಿಕೆ ಬಳಸುವುದನ್ನು 2018ರ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಸ್ಟೀಲ್ ಡಬ್ಬಿ ಒಯ್ಯಿರಿ. ನಾನು ಡಬ್ಬಿ ಚಾಚಿದಾಗ ನಮ್ಮ ಓಣಿಯ ಗಾಡಿಯವ ಮೊದಮೊದಲು ನಗುತ್ತಿದ್ದ. ಈಗ ಡಬ್ಬಿ ತಂದವರಿಗೆ ಒಂದು ಹುರಿದ ಮೆಣಸಿನಕಾಯಿ ಜಾಸ್ತಿ ಹಾಕುತ್ತಾನೆ.